ಎಷ್ಟು ಸಲ ಓದಿದರೂ ಪರೀಕ್ಷೆಯಲ್ಲಿ ಬರೆಯೋಕೆ ಬರ್ತಿಲ್ಲ: ಪಾಠಪುಸ್ತಕ ಓದೋದು ಹೇಗೆ?

ತುಂಗಾತೀರದವಳು, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಶಿವಮೊಗ್ಗದಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದಾಳೆ, ಇರೋದು ಹಾಸ್ಟೆಲ್‌ನಲ್ಲಿ. ಹತ್ತನೇ ಕ್ಲಾಸಿನ ತನಕ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕವೇ ಬಂದಿತ್ತು. ಈಗ ಪುಸ್ತಕ ಬಿಟ್ಟು ಏಳೋದೇ ಇಲ್ಲ, ಆದರೂ ಮೊದಲ ಟೆಸ್ಟಿನಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ ಎರಡರಲ್ಲೂ ಅರ್ಧಕ್ಕಿಂತ ಕಡಿಮೆ.

ಊರಿಗೆ ಬಂದಾಗ ಅವಳ ಜೀವಶಾಸ್ತ್ರದ ಪುಸ್ತಕ ತೆಗೆದು ನೋಡಿದೆ. ಪುಟಕ್ಕೆ ಪುಟವೇ ಹಳದಿ ಬಣ್ಣ. ಇಂಗ್ಲಿಷ್ ಪದಗಳ ಮೇಲೆಲ್ಲ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದುಕೊಂಡಿದಾಳೆ. ಒಂದೊಂದು ಪಾಠ ನಾಲ್ಕೈದು ಸಲ ಓದಿದೀನಿ ಅಂತಾಳೆ. "ಪ್ರಶ್ನೆ ನೋಡಿದ ತಕ್ಷಣ ಅದು ಯಾವ ಪುಟದಲ್ಲಿದೆ, ಮೇಲಿದೆಯೋ ಕೆಳಗಿದೆಯೋ ಅನ್ನೋದೂ ಗೊತ್ತಾಗುತ್ತೆ ಅಮ್ಮಾ, ಬರೆಯೋಕೆ ಮಾತ್ರ ಬರಲ್ಲ" ಅಂತ ಅತ್ತಳು.

ಟ್ಯೂಷನ್ ಹೆಸರು ಹೇಳಬೇಡಿ ದಯವಿಟ್ಟು, ಅದನ್ನು ಆಮೇಲೆ ನೋಡ್ತೀವಿ. ಒಂದು ಪಾಠ ಕೈಗೆ ತಗೊಂಡರೆ ಅದನ್ನು ಓದೋ ಕ್ರಮ ಏನು, ಅದನ್ನು ತಿಳಿದವರು ಹೇಳಿ. ನಾನು ಪಿಯುಸಿಗೇ ನಿಲ್ಲಿಸಿದವಳು, ಅದೂ ಕಲಾ ವಿಭಾಗ.

ನಿವೃತ್ತ ಮೇಷ್ಟ್ರು, ಸಾಗರ

ತಾಯಿ, ಮೊದಲು ಮಗಳಿಗೆ ಒಂದು ಮಾತು ಹೇಳಿಬಿಡಿ: ಅವಳ ಬುದ್ಧಿಗೆ ಏನೂ ಆಗಿಲ್ಲ. ಯಾವ ಪುಟ, ಯಾವ ಮೂಲೆ ಅಂತ ನೆನಪಿದೆ ಅಂದರೆ ಕಣ್ಣು ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ. ಆದರೆ ಕಂಡದ್ದನ್ನು ಗುರುತು ಹಿಡಿಯೋದು ಬೇರೆ, ಪುಸ್ತಕ ಎದುರಿಗೆ ಇಲ್ಲದಾಗ ನೆನಪಿನಿಂದ ಎತ್ತಿ ಬರೆಯೋದು ಬೇರೆ. ನಾಲ್ಕೈದು ಸಲ ಓದಿದರೆ ಮೊದಲನೆಯದು ಬೆಳೆಯುತ್ತೆ. ಪರೀಕ್ಷೆ ಕೇಳೋದು ಎರಡನೆಯದನ್ನು, ಅದಕ್ಕೆ ಅಭ್ಯಾಸವೇ ಆಗಿರಲ್ಲ.

ಇದನ್ನು ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಚಿಕ್ಕ ವಿಜ್ಞಾನ ಪಾಠ ಕೊಟ್ಟು ಓದಿಸಿದರು. ಆಮೇಲೆ ಅದನ್ನು ಒಂದು ಸಲ ಮತ್ತೆ ಓದೋದು ಒಂದು ಬಗೆ, ಅಷ್ಟೇ ಹೊತ್ತು ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯೋದು ಇನ್ನೊಂದು ಬಗೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ್ದೇ ಮೇಲು: ಶೇ. 81, ಬರೆದದ್ದು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದ್ದು ಶೇ. 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು ಶೇ. 56ರಲ್ಲಿ ನಿಂತಿತ್ತು. ಐದು ನಿಮಿಷದ ಲೆಕ್ಕವೇ ನಮ್ಮ ಮಕ್ಕಳಿಗೆ ಮೋಸ ಮಾಡೋದು. ರಾತ್ರಿ ಮತ್ತೆ ಮತ್ತೆ ಓದಿ ಮಲಗುವಾಗ ಎಲ್ಲಾ ಬಂತು ಅನ್ನಿಸುತ್ತೆ, ನಿಜವಾಗಿ ಆ ಹೊತ್ತಿಗೆ ಬಂದೂ ಇರುತ್ತೆ.

ಹಾಗಾಗಿ ಕ್ರಮ ಇಷ್ಟೇ. ಪಾಠದ ಒಂದು ಉಪಶೀರ್ಷಿಕೆ ಮಾತ್ರ ಓದಲಿ, ಒಂದೂವರೆ ಪುಟ ಇರಬಹುದು. ಪುಸ್ತಕ ಮುಚ್ಚಲಿ. ರಫ್ ಪುಸ್ತಕದಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಬರೆಯಲಿ, ವಾಕ್ಯ ಚೆಂದ ಇರಬೇಕಂತಿಲ್ಲ, ಕನ್ನಡ ಇಂಗ್ಲಿಷ್ ಕಲಸಿದರೂ ಅಡ್ಡಿಯಿಲ್ಲ. ಏನೂ ಬರದೆ ಕೂತಿರೋ ಆ ಎರಡು ಮೂರು ನಿಮಿಷ ಮಕ್ಕಳಿಗೆ ಬಹಳ ಹಿಂಸೆ. ಅಲ್ಲೇ ಪುಸ್ತಕ ತೆರೆದುಬಿಡ್ತಾರೆ. ತೆರೆಯಬಾರದು. ತಡಕಾಡಲಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಅದೇ ಹಾಳೆಗೆ ಸೇರಿಸಲಿ. ಬೇರೆ ಬಣ್ಣದಲ್ಲಿ ಇರೋದಷ್ಟೇ ನಾಳೆ ಓದಬೇಕಾದ್ದು.

ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಇದನ್ನೇ ಮಾಡಿಸ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳಿಗೇ ಇದರಿಂದ ಹೆಚ್ಚು ಉಪಯೋಗ ಆಗಿದ್ದು ಕಂಡಿದೀನಿ.

ಪಿಯು ಉಪನ್ಯಾಸಕಿ, ಶಿವಮೊಗ್ಗ

ಮೇಷ್ಟ್ರು ಹೇಳಿದ್ದು ಓದಿದ ಮೇಲಿನ ಕೆಲಸ. ಓದೋ ಮುಂಚಿನದ್ದು ನಾನು ಹೇಳ್ತೀನಿ, ಯಾಕಂದ್ರೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಸೋಲೋದು ಅಲ್ಲೇ. ನಾನು ಜೀವಶಾಸ್ತ್ರ ಹೇಳ್ತೀನಿ, ಪ್ರತಿ ವರ್ಷ ಇಂಥ ಮಕ್ಕಳು ನನ್ನ ಕ್ಲಾಸಿನಲ್ಲಿ ಇದ್ದೇ ಇರ್ತಾರೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯ ತುಂಬಾ ಚುರುಕು ಮಕ್ಕಳು. ಮೊದಲ ಟೆಸ್ಟಿನ ದಿನ ಅವರ ಮುಖ ನೋಡೋಕಾಗಲ್ಲ.

ಅವರು ಮಾಡೋದೇನು ಅಂದ್ರೆ, ಪಾಠದ ಮೊದಲ ಸಾಲಿಂದ ಶುರು ಮಾಡಿ, ಗೊತ್ತಿಲ್ಲದ ಪ್ರತಿ ಪದಕ್ಕೂ ನಿಂತು, ಮೊಬೈಲಿನಲ್ಲಿ ಅರ್ಥ ನೋಡಿ, ಬರೆದುಕೊಂಡು ಮುಂದೆ ಹೋಗ್ತಾರೆ. ಪ್ಯಾರಾ ಮುಗಿಯೋ ಹೊತ್ತಿಗೆ ಅದರ ಶುರುವಿನಲ್ಲಿ ಏನಿತ್ತು ಅನ್ನೋದೇ ಮರೆತಿರುತ್ತೆ. ಹತ್ತು ಪದದ ಅರ್ಥ ಗೊತ್ತಾಗಿದೆ, ವಿಷಯ ಮಾತ್ರ ಗೊತ್ತಾಗಿಲ್ಲ.

ವಿಷಯ ಮೊದಲು ಗೊತ್ತಿದ್ದರೆ ಭಾಷೆ ಎಷ್ಟು ಹಗುರಾಗುತ್ತೆ ಅನ್ನೋದಕ್ಕೆ 1972ರ ಒಂದು ಹೆಸರಾಂತ ಪ್ರಯೋಗ ಇದೆ. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಅನ್ನೋರು ಮಾಡಿದ್ದು. ಒಂದು ಪ್ಯಾರಾ ಓದಿ ಹೇಳಿದರು. ಅದರಲ್ಲಿ ಒಂದೂ ಕಷ್ಟದ ಪದ ಇಲ್ಲ, ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಅದು ಬಟ್ಟೆ ಒಗೆಯೋದರ ಬಗ್ಗೆ ಅಂತ ಮೊದಲೇ ಹೇಳಿಸಿಕೊಂಡವರು ಹೆಚ್ಚುಕಡಿಮೆ ಎರಡರಷ್ಟು ನೆನಪಿಟ್ಟುಕೊಂಡರು. ಕೇಳಿ ಮುಗಿದ ಮೇಲೆ ವಿಷಯ ಹೇಳಿಸಿಕೊಂಡವರಿಗೆ ಏನೂ ಪ್ರಯೋಜನ ಆಗಲಿಲ್ಲ. ಗೂಟ ಮೊದಲು ಇರಬೇಕು, ಹಗ್ಗ ಆಮೇಲೆ.

ನಮ್ಮ ಮಕ್ಕಳಿಗೆ ಆ ಗೂಟ ಅವರ ಹತ್ತನೇ ಕ್ಲಾಸಿನ ಕನ್ನಡ ವಿಜ್ಞಾನ ಪುಸ್ತಕದಲ್ಲೇ ಇದೆ. ಪಿಯುಗೂ ಈಗ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯ ಸಂಸ್ಥೆ) ಪುಸ್ತಕಗಳೇ, ಹತ್ತನೆಯದ್ದೂ ಅದೇ ಸಾಲಿನದು. ಹತ್ತರ 'ಜೀವಕ್ರಿಯೆಗಳು' ಪಾಠದಲ್ಲಿ ಹೃದಯ ಇದೆ, ಇಮ್ಮಡಿ ಪರಿಚಲನೆ ಇದೆ, ಚಿತ್ರ ಇದೆ. ಪಿಯುಸಿಯಲ್ಲಿ ರಕ್ತಪರಿಚಲನೆಯ ಪಾಠ ಶುರು ಮಾಡೋ ಮುಂಚೆ ಆ ಎರಡು ಮೂರು ಪುಟ ಕನ್ನಡದಲ್ಲಿ ಓದಲಿ. ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮೈಯೆಲ್ಲ – ಈ ದಾರಿಯನ್ನು ಬೆರಳಿಟ್ಟು ಚಿತ್ರದ ಮೇಲೆ ನಡೆಸಲಿ. ಆಮೇಲೆ ಇಂಗ್ಲಿಷ್ ಪುಸ್ತಕ ತೆರೆದರೆ ಏಟ್ರಿಯಮ್, ವೆಂಟ್ರಿಕಲ್ ಅನ್ನೋವು ಗೊತ್ತಿರೋ ಜಾಗಕ್ಕೆ ಇನ್ನೊಂದು ಹೆಸರು ಅಷ್ಟೇ. ಹೊಸ ಪಾಠ ಕಲಿಯೋ ಭಾರ ಇರಲ್ಲ.

ಎರಡನೆಯದು, ಪಾಠವನ್ನು ಹಿಂದಿನಿಂದ ತೆರೆಯೋದು. ಪ್ರತಿ ಪಾಠದ ಕೊನೆಗೆ ಸಾರಾಂಶ ಇದೆ, ಅಭ್ಯಾಸದ ಪ್ರಶ್ನೆಗಳಿವೆ. ಮೊದಲು ಸಾರಾಂಶ, ಆಮೇಲೆ ಪ್ರಶ್ನೆಗಳು, ಆಮೇಲೆ ಉಪಶೀರ್ಷಿಕೆ ಮತ್ತು ಚಿತ್ರಗಳು. ಹತ್ತು ನಿಮಿಷ ಸಾಕು. ಆಮೇಲೆ ಒಂದೊಂದು ಉಪಶೀರ್ಷಿಕೆಯನ್ನೂ ಪ್ರಶ್ನೆ ಮಾಡಿಕೊಂಡು ಅದರ ಉತ್ತರ ಹುಡುಕೋದಕ್ಕೆ ಓದೋದು. ಇದು ಹಳೆಯ ವಿಧಾನವೇ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಇದನ್ನು ಐದು ಹೆಜ್ಜೆಯಾಗಿ ಹೇಳಿದ್ದರು: ಮೇಲ್ನೋಟ, ಪ್ರಶ್ನೆ, ಓದು, ನೋಡದೆ ಹೇಳೋದು, ಮರುನೋಟ. ಮೇಷ್ಟ್ರು ಹೇಳಿದ್ದು ಇದರ ನಾಲ್ಕನೇ ಹೆಜ್ಜೆ. ಮಕ್ಕಳು ಐದರಲ್ಲಿ ನಡುವಿನದನ್ನು ಒಂದೇ ಹಿಡಿದುಕೊಂಡು ಒದ್ದಾಡ್ತಾರೆ.

ಗೊತ್ತಿಲ್ಲದ ಪದ ಬಂದಾಗ ನಿಲ್ಲಬಾರದು. ಕೆಳಗೆ ಒಂದು ಗೆರೆ ಎಳೆದು ಪ್ಯಾರಾ ಪೂರ್ತಿ ಮುಗಿಸಬೇಕು. ಅರ್ಧ ಪದಗಳು ಮುಂದಿನ ಸಾಲಿನಲ್ಲಿ ತಾವೇ ಬಿಡಿಸಿಕೊಳ್ಳುತ್ತವೆ. ಉಳಿದದ್ದನ್ನು ಕೊನೆಗೆ ಒಟ್ಟಿಗೆ ನೋಡಿದರಾಯ್ತು.

ಕೊಳೆ ಔಷಧಿ, ಹೊಸನಗರ

ಮೇಡಂ, ನಾವೆಲ್ಲ ಮಗ್ಗಿ, ಪದ್ಯ, ಸೂತ್ರ ಎಲ್ಲಾ ಬಾಯಿಪಾಠ ಮಾಡಿಯೇ ಕಲಿತಿದ್ದು. ಇಪ್ಪತ್ತರ ಮಗ್ಗಿ ಈಗಲೂ ಬರುತ್ತೆ. ಅಡಿಕೆ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಮುಟ್ಟಲ್ಲ. ಈಗಿನವರು ಬಾಯಿಪಾಠ ಅಂದರೆ ಮೂಗು ಮುರೀತಾರೆ. ಅರ್ಥ ಮಾಡಿಕೊಂಡು ಓದಿ, ಅರ್ಥ ಮಾಡಿಕೊಂಡು ಓದಿ ಅಂತ ಹೇಳಿ ಹೇಳಿ ಈಗ ಮಕ್ಕಳಿಗೆ ಅರ್ಥವೂ ಇಲ್ಲ, ಬಾಯಿಗೂ ಬರಲ್ಲ. ನನಗಂತೂ ಹಳೆ ಕ್ರಮ ತಪ್ಪು ಅನ್ನಿಸಲ್ಲ.

ನಿವೃತ್ತ ಮೇಷ್ಟ್ರು, ಸಾಗರ

ನೀವು ಹೇಳೋದರಲ್ಲಿ ಸತ್ಯ ಇದೆ ಮಾರಾಯ್ರೆ. ಮಗ್ಗಿ ಒಪ್ಪಿಸುವಾಗ ಪುಸ್ತಕ ಕೈಯಲ್ಲಿ ಇರ್ತಿತ್ತಾ? ಇಲ್ಲ. ಮೇಷ್ಟ್ರ ಎದುರು ನಿಂತು ನೆನಪಿಂದಲೇ ಹೇಳಬೇಕಿತ್ತು. ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು, ಮರುದಿನ ಮತ್ತೆ ಹೇಳಿಸ್ತಿದ್ದರು. ನಾನು ಮೇಲೆ ಹೇಳಿದ್ದೂ ಅದನ್ನೇ. ಇವತ್ತು ಬಾಯಿಪಾಠ ಅಂತ ಮಕ್ಕಳು ಮಾಡ್ತಿರೋದು ಪುಸ್ತಕ ತೆರೆದಿಟ್ಟುಕೊಂಡು ಅದನ್ನೇ ಗುನುಗೋದು. ಅದು ಒಪ್ಪಿಸೋದು ಆಗಲ್ಲ.

ಇನ್ನು ಅರ್ಥದ ವಿಚಾರ. ನಿಮ್ಮ ಹೆಸರು ನೋಡಿದೆ, ಅದಕ್ಕೇ ಕೇಳ್ತೀನಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡಿದ ಮೇಲೆ ಚಾಕು ಅದ್ದಿ ನೋಡ್ತೀರಲ್ಲ, ಯಾಕೆ?

ಕೊಳೆ ಔಷಧಿ, ಹೊಸನಗರ

ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಕಾಯಿ, ಸೋಗೆ ಸುಡುತ್ತೆ. ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಹಳೆಯದಾದರೆ ಲೆಕ್ಕ ಕೆಡುತ್ತೆ, ಅದಕ್ಕೇ ಚಾಕು.

ನಿವೃತ್ತ ಮೇಷ್ಟ್ರು, ಸಾಗರ

ಈಗ ಹತ್ತನೇ ಕ್ಲಾಸಿನ ಮೊದಲ ವಿಜ್ಞಾನ ಪಾಠ ತೆರೆಯಿರಿ, 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು'. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡೋ ಚಟುವಟಿಕೆ ಇದೆ. ಮೊಳೆಗೆ ಕಂದು ಬಣ್ಣ ಬರುತ್ತೆ, ನೀಲಿ ದ್ರಾವಣ ಮಾಸುತ್ತೆ. ಸ್ಥಾನಪಲ್ಲಟ ಕ್ರಿಯೆ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ, ಹಾಗಾಗಿ ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಕ್ಕೆ ತಳ್ಳುತ್ತೆ, ಆ ತಾಮ್ರ ಮೊಳೆಗೆ ಹತ್ತುತ್ತೆ. ಮೈಲುತುತ್ತ ಅಂದರೆ ಅದೇ ತಾಮ್ರದ ಸಲ್ಫೇಟ್. ನಿಮ್ಮ ಚಾಕುವಿನ ಕೆಂಪು ಅದೇ ತಾಮ್ರ. ಸುಣ್ಣ ಸಾಕಷ್ಟು ಬಿದ್ದರೆ ತಾಮ್ರ ಸುಣ್ಣದ ಜೊತೆ ಸೇರಿ ದ್ರಾವಣದಿಂದ ಗಟ್ಟಿಯಾಗಿ ಬೇರೆಯಾಗುತ್ತೆ, ಚಾಕುವಿಗೆ ಹತ್ತೋಕೆ ಉಳಿದಿರೋದಿಲ್ಲ.

ನಿಮ್ಮ ಮನೆ ಮಗು ಆ ಪ್ಯಾರಾ ಓದುವಾಗ ಪುಸ್ತಕದ ಪಕ್ಕದಲ್ಲಿ 'ಅಪ್ಪ ಚಾಕು ಅದ್ದೋದು' ಅಂತ ಎರಡು ಪದ ಬರೆದುಕೊಂಡರೆ ಆ ಸಮೀಕರಣ ಜನ್ಮದಲ್ಲಿ ಮರೆಯಲ್ಲ. ಪ್ರತಿ ಪಾಠಕ್ಕೂ ಇಂಥದ್ದು ಸಿಗಲ್ಲ, ಆದರೆ ನಾವಂದುಕೊಂಡಷ್ಟು ಅಪರೂಪವೂ ಅಲ್ಲ. ಓದುವಾಗ 'ಇದು ಯಾಕೆ ಹೀಗೆ, ನಾನು ಇದನ್ನು ಎಲ್ಲಿ ಕಂಡಿದೀನಿ' ಅಂತ ಕೇಳಿಕೊಂಡರೆ ಸಿಗುತ್ತೆ.

ಕೊಳೆ ಔಷಧಿ, ಹೊಸನಗರ

ಇಷ್ಟು ವರ್ಷ ಅದ್ದಿದೀನಿ, ಯಾರೂ ಹೀಗೆ ಹೇಳಿರಲಿಲ್ಲ ಮೇಷ್ಟ್ರೆ. ಮಗ ಒಂಬತ್ತನೇ ಕ್ಲಾಸು. ಈ ಸಲ ಔಷಧಿ ಮಾಡುವಾಗ ಅವನನ್ನೇ ಕರೆದು ನಿಲ್ಲಿಸ್ತೀನಿ.

ಪಿಯು ಉಪನ್ಯಾಸಕಿ, ಶಿವಮೊಗ್ಗ

ಮೇಷ್ಟ್ರ ಉದಾಹರಣೆಗೆ ನನ್ನದೊಂದು ಸೇರಿಸ್ತೀನಿ. ರೋಗಾಣುಗಳ ಪಾಠದಲ್ಲಿ ರೋಗ ಹರಡುವ ಮಧ್ಯವರ್ತಿ ಜೀವಿಯ ವಿಚಾರ ಬಂದಾಗ ಬೇರೆ ಊರಿನ ಮಕ್ಕಳಿಗೆ ಕಷ್ಟಪಟ್ಟು ವಿವರಿಸಬೇಕು. ನಮ್ಮ ಮಕ್ಕಳಿಗೆ ಮಂಗನ ಕಾಯಿಲೆ ಅಂದರೆ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಆ ವೈರಸ್ ಮೊದಲು ಪತ್ತೆಯಾದದ್ದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕೆ ಬೀಳುತ್ತೆ, ದರಗು (ಉದುರಿದ ಒಣ ಎಲೆ) ತರೋಕೆ ಹೋದವರಿಗೆ ಕಚ್ಚುತ್ತೆ. ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಯಾಕೆ ಹಚ್ಚಿಕೊಳ್ತಾರೆ ಅಂತ ಮನೆಯಲ್ಲಿ ನೋಡಿರ್ತಾರೆ. ವೈರಸ್ ಯಾವುದು, ಹೊತ್ತು ತರೋದು ಯಾವುದು, ಕಾಯಿಲೆ ಬೀಳೋದು ಯಾರು – ಈ ಮೂರನ್ನು ಅವರು ಆಗಲೇ ಬೇರೆ ಬೇರೆ ಮಾಡಿಕೊಂಡಿರ್ತಾರೆ. ಮಲೇರಿಯಾದ ಪ್ಯಾರಾ ಓದುವಾಗ ಅದೇ ಮೂರು ಖಾನೆಗೆ ತುಂಬಿಸಿಕೊಂಡು ಹೋದರೆ ಆಯ್ತು.

ಹಳದಿ ಹೈಲೈಟರ್, ಶಂಕರಘಟ್ಟ

ನಾನು ಎಂ.ಎಸ್ಸಿ. ವಿದ್ಯಾರ್ಥಿ. ಅಕ್ಕ, ನಿಮ್ಮ ಮಗಳ ಪುಸ್ತಕದ ಹಳದಿ ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ. ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದ ದೊಡ್ಡ ಸಮೀಕ್ಷಾ ಲೇಖನ ಒಂದಿದೆ. ಅದರಲ್ಲಿ ಹೈಲೈಟ್ ಮಾಡೋದು, ಮತ್ತೆ ಮತ್ತೆ ಓದೋದು ಎರಡೂ ಕೆಳಗಿನ ಸಾಲಿಗೆ ಬಂದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳೋದು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳೋದು ಎರಡಕ್ಕೆ ಮಾತ್ರ ಮೇಲಿನ ದರ್ಜೆ ಸಿಕ್ಕಿತು. 'ಯಾಕೆ' ಅಂತ ಕೇಳಿಕೊಳ್ಳೋದು, ತನಗೆ ತಾನೇ ವಿವರಿಸಿಕೊಳ್ಳೋದು ನಡುವಿನ ಸಾಲಿನವು.

ಆದರೂ ಹೈಲೈಟರ್ ಕಿತ್ತುಕೊಳ್ಳಬೇಡಿ. ಮೊದಲ ಓದಿನಲ್ಲಿ ಮುಟ್ಟಬಾರದು, ಅಷ್ಟೇ ಕಟ್ಟಳೆ. ಮೊದಲ ಸಲ ಓದುವಾಗ ಎಲ್ಲವೂ ಮುಖ್ಯ ಅನ್ನಿಸುತ್ತೆ, ಪುಟವೇ ಹಳದಿ ಆಗುತ್ತೆ. ಪುಸ್ತಕ ಮುಚ್ಚಿ ಬರೆದು, ತೆರೆದು ಹೋಲಿಸಿದ ಮೇಲೆ, ಬಿಟ್ಟುಹೋದ ಸಾಲಿಗೆ ಮಾತ್ರ ಬಣ್ಣ ಹಚ್ಚಲಿ. ಆಗ ಹಳದಿ ಕಂಡ ಕಡೆ ಅವಳ ತೊಂದರೆ ಎಲ್ಲಿದೆ ಅನ್ನೋದು ಕಾಣುತ್ತೆ.

ನೋಟ್ಸಿಗೆ ನಾನು ಹಾಳೆಯ ಎಡಗಡೆ ಮೂರು ಬೆರಳು ಅಗಲ ಬಿಟ್ಟು ಗೆರೆ ಹಾಕ್ತೀನಿ. ಬಲಗಡೆ ವಿಷಯ, ಎಡಗಡೆ ಅದರ ಪ್ರಶ್ನೆ. ಓದುವಾಗ ಬಲಗಡೆ ಮುಚ್ಚಿ ಎಡಗಡೆ ಮಾತ್ರ ನೋಡಿ ಉತ್ತರ ಹೇಳಿಕೊಳ್ಳೋದು. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ ಕ್ರಮ ಇದು. ಬಹಳ ಜನ ಗೆರೆ ಹಾಕ್ತಾರೆ, ಎಡಗಡೆಯಲ್ಲಿ ಬರೀ ಶೀರ್ಷಿಕೆ ಬರೀತಾರೆ. 'ಹೃದಯದ ರಚನೆ' ಅಂತ ಬರೆದರೆ ಪ್ರಯೋಜನ ಕಡಿಮೆ. 'ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪ ಯಾಕೆ?' ಅಂತ ಬರೆದರೆ ಉತ್ತರ ತಾನಾಗಿ ಹೊರಡುತ್ತೆ: ಬಲದ್ದು ಪಕ್ಕದ ಶ್ವಾಸಕೋಶಕ್ಕೆ ತಳ್ಳಬೇಕು, ಎಡದ್ದು ಇಡೀ ಮೈಗೆ.

ಹಾಸ್ಟೆಲ್ ಹುಡುಗಿ, ಶಿಕಾರಿಪುರ

ನಾನು ದ್ವಿತೀಯ ಪಿಯುಸಿ. ನನಗೆ ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗೋದು. ರೂಮಿನವರು ಬೈತಾರೆ. ಗಟ್ಟಿಯಾಗಿ ಓದೋದು ಒಳ್ಳೆಯದಾ ಕೆಟ್ಟದಾ?

ಪಿಯು ಉಪನ್ಯಾಸಕಿ, ಶಿವಮೊಗ್ಗ

ಒಳ್ಳೆಯದೇ ಪುಟ್ಟಾ, ಆದರೆ ಎಲ್ಲಾ ಸಾಲನ್ನೂ ಅಲ್ಲ. ಬಾಯಿಬಿಟ್ಟು ಓದಿದ ಪದ ಮೌನವಾಗಿ ಓದಿದ ಪದಕ್ಕಿಂತ ಚೆನ್ನಾಗಿ ನೆನಪಿರುತ್ತೆ ಅಂತ ಕೆನಡಾದ ಮ್ಯಾಕ್‌ಲಾಯ್ಡ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಾರೆ. ಉಳಿದವುಗಳ ನಡುವೆ ಅದು ಎದ್ದು ಕಾಣೋದರಿಂದ ಹಾಗಾಗುತ್ತೆ ಅನ್ನೋದು ಅವರ ವಿವರಣೆ. ಪೂರ್ತಿ ಪಾಠವನ್ನು ಗಟ್ಟಿಯಾಗಿ ಓದಿದರೆ ಎದ್ದು ಕಾಣೋಕೆ ಏನೂ ಉಳಿಯಲ್ಲ, ಗಂಟಲೂ ಕಟ್ಟುತ್ತೆ. ವ್ಯಾಖ್ಯೆ, ನಿಯಮ, ಹೆಸರುಗಳನ್ನು ಗಟ್ಟಿಯಾಗಿ ಓದು. ಅದಕ್ಕಿಂತ ಒಳ್ಳೆಯದು, ಪುಸ್ತಕ ಮುಚ್ಚಿ ರೂಮಿನವಳಿಗೇ ಆ ಪಾಠ ಹೇಳು. ಹೇಳುತ್ತಾ ಎಲ್ಲಿ ನಾಲಿಗೆ ತಡವರಿಸಿತೋ ಅಲ್ಲೇ ನಿನಗೆ ಅರ್ಥ ಆಗಿಲ್ಲ. ಅವಳ ಬೈಗುಳವೂ ನಿಲ್ಲುತ್ತೆ, ಅವಳದ್ದೂ ಓದು ಆಗುತ್ತೆ.

ಗ್ರಂಥಾಲಯದ ಮೂಲೆ, ಶಿವಮೊಗ್ಗ

ನಾನು ಕೆಪಿಎಸ್‌ಸಿ ಪರೀಕ್ಷೆಗಳಿಗೆ ಓದ್ತಿರೋನು. ನಮಗೆ ಸಿಲೆಬಸ್ ಸಮುದ್ರ. ಮೇಷ್ಟ್ರು, ಮೇಡಂ ಹೇಳಿದ್ದರ ಜೊತೆ ಯಾವಾಗ ಮತ್ತೆ ಓದಬೇಕು ಅನ್ನೋದೂ ಅಷ್ಟೇ ದೊಡ್ಡ ವಿಷಯ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ದಿನದೊಳಗೇ ಮರೆವು ಬಹುಪಾಲು ಆಗಿಬಿಡುತ್ತೆ, ಆಮೇಲೆ ನಿಧಾನವಾಗುತ್ತೆ. ಒಂದೇ ದಿನ ಹೆಚ್ಚು ಸಲ ಕಲಿಯೋದಕ್ಕಿಂತ ದಿನಗಳ ಮೇಲೆ ಹಂಚಿ ಕಲಿತರೆ ಕಡಿಮೆ ಸಲ ಸಾಕು ಅಂತಲೂ ಅವನಿಗೆ ಕಂಡಿತ್ತು.

ಹಾಗಾಗಿ ಗ್ರಂಥಾಲಯದಲ್ಲಿ ಕೂತ ತಕ್ಷಣ ಹೊಸ ಪುಟ ತೆರೆಯೋದಿಲ್ಲ. ಮೊದಲ ಹದಿನೈದು ನಿಮಿಷ ನಿನ್ನೆಯದನ್ನು ನೋಡದೆ ಬರೆಯೋದಕ್ಕೆ. ಆಮೇಲೆ ಹೊಸದು. ಅದೇ ವಿಷಯ ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಹತ್ತು ದಿನ ಬಿಟ್ಟು ಒಮ್ಮೆ. ಪ್ರತಿ ಸಲ ಕೊಂಚ ಮರೆತ ಮೇಲೇ ಬರಬೇಕು. ಮರೆತದ್ದನ್ನು ಎಳೆದು ತರೋ ಕಷ್ಟದಲ್ಲೇ ಅದು ಗಟ್ಟಿಯಾಗೋದು.

ಇತಿಹಾಸ ಓದೋ ಗೆಳೆಯರಿಗೆ ಇನ್ನೊಂದು. ನಾವು ಇಸವಿಗಳ ಪಟ್ಟಿ ಮಾಡ್ತೀವಿ. ಪಟ್ಟಿಯಲ್ಲಿ 'ಕಾಗೋಡು ಸತ್ಯಾಗ್ರಹ – 1951', 'ಭೂಸುಧಾರಣೆ – 1974' ಅಂತ ಎರಡು ಸಾಲು ಪಕ್ಕಪಕ್ಕ ಕೂತಿರುತ್ತೆ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ. ನಾನು ಬಾಣದ ಗುರುತು ಹಾಕಿ ಬರೀತೀನಿ. ಸಾಗರದ ಕಡೆಯ ಕಾಗೋಡಿನಲ್ಲಿ ಒಕ್ಕಲು ಜಮೀನಿನ ಒಡೆಯರಿಗೆ ಕೊಡೋ ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದು, ಒಕ್ಕಲಿಗೆ ನಷ್ಟ. ಒಕ್ಕಲಿನವರು ಅದನ್ನು ಪ್ರಶ್ನೆ ಮಾಡಿದರು, ಒಡೆಯರು ಅವರನ್ನು ಸಾಗುವಳಿಯಿಂದ ತಡೆದರು. ಸತ್ಯಾಗ್ರಹ ಶುರುವಾಯ್ತು, ಸಮಾಜವಾದಿ ನಾಯಕ ಲೋಹಿಯಾ ಬಂದರು, ಅವರ ಬಂಧನ ಆಯ್ತು. ಉಳುವವನಿಗೆ ಭೂಮಿ ಅನ್ನೋ ಮಾತು ರಾಜ್ಯದ ರಾಜಕೀಯಕ್ಕೆ ಬಂತು, ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆಯಿತು. ಒಂದೊಂದು ಬಾಣದ ಮೇಲೆ 'ಆದ್ದರಿಂದ' ಅಂತ ಓದೋಕೆ ಬರಬೇಕು. ಬರದೇ ಇದ್ದರೆ ನಡುವೆ ಏನೋ ಬಿಟ್ಟುಹೋಗಿದೆ, ಪುಸ್ತಕಕ್ಕೆ ಹಿಂದಿರುಗಬೇಕು. ಐದು ಅಂಕದ ಪ್ರಶ್ನೆಗೂ ಹತ್ತು ಅಂಕದ ಪ್ರಶ್ನೆಗೂ ಇದೇ ಸರಪಳಿಯಿಂದ ಉತ್ತರ ಬರೆಯಬಹುದು.

ಕಬ್ಬಿಣದ ಊರವನು, ಭದ್ರಾವತಿ

ಸ್ಪೀಡ್ ರೀಡಿಂಗ್ ಕೋರ್ಸ್ ಅಂತ ಮೊಬೈಲಿನಲ್ಲಿ ಜಾಹೀರಾತು ಬರ್ತಾ ಇರುತ್ತೆ. ಮೂರು ಪಟ್ಟು ವೇಗ ಅಂತಾರೆ. ಯಾರಾದರೂ ಸೇರಿದೀರಾ? ಅಣ್ಣನ ಮಗನಿಗೆ ದುಡ್ಡು ಕಟ್ಟೋಣ ಅಂತಿದೀವಿ.

ಹಳದಿ ಹೈಲೈಟರ್, ಶಂಕರಘಟ್ಟ

ಕಟ್ಟಬೇಡಿ ಅಣ್ಣಾ. ಕಣ್ಣಿನ ಚಲನೆಯ ಮೇಲೆ ಜೀವನವಿಡೀ ಕೆಲಸ ಮಾಡಿದ ಕೀತ್ ರೇನರ್ ಮತ್ತು ಜೊತೆಯವರು ಬರೆದ ವಿಮರ್ಶೆ 2016ರಲ್ಲಿ ಬಂತು. ವೇಗ ಜಾಸ್ತಿಯಾದಂತೆ ಗ್ರಹಿಕೆ ಇಳಿಯುತ್ತೆ, ಎರಡೂ ಒಟ್ಟಿಗೆ ಸಿಗೋ ದಾರಿ ಇಲ್ಲ ಅನ್ನೋದೇ ಅದರ ತೀರ್ಮಾನ. ಓದಿನ ವೇಗ ನಿಜವಾಗಿ ಹೆಚ್ಚಾಗೋದು ಭಾಷೆ ಮತ್ತು ವಿಷಯ ಪರಿಚಯ ಆದಂತೆ. ಮೇಡಂ ಹೇಳಿದ ಮೊದಲ ಹತ್ತು ನಿಮಿಷದ ಮೇಲ್ನೋಟಕ್ಕೆ ಬೇಗ ಬೇಗ ಕಣ್ಣಾಡಿಸಿದರೆ ಸರಿ. ಪಾಠವನ್ನೇ ಹಾಗೆ ಓದೋಕಾಗಲ್ಲ. ಆ ದುಡ್ಡಿಗೆ ಪುಸ್ತಕ ತೆಗೆದುಕೊಡಿ.

ಮಳೆಗಾಲದ ಸಿಗ್ನಲ್, ರಿಪ್ಪನ್‌ಪೇಟೆ

ಪುಸ್ತಕ ಅಂದದ್ದಕ್ಕೆ ಕೇಳ್ತೀನಿ. ನಮ್ಮ ಹುಡುಗರೆಲ್ಲ ಪಿಡಿಎಫ್ ಮೊಬೈಲಿನಲ್ಲೇ ಓದೋದು. ಪುಸ್ತಕ ತಗೊಳ್ಳಿ ಅಂದರೆ ಎಲ್ಲಾ ಫೋನಿನಲ್ಲೇ ಇದೆ ಅಂತಾರೆ. ವ್ಯತ್ಯಾಸ ಇದೆಯಾ ಅಥವಾ ನಮ್ಮ ಹಳೆಗಾಲದ ಭಾವನೆಯಾ?

ನಿವೃತ್ತ ಮೇಷ್ಟ್ರು, ಸಾಗರ

ವ್ಯತ್ಯಾಸ ಇದೆ. 54 ಅಧ್ಯಯನಗಳನ್ನು, ಒಟ್ಟು 1 ಲಕ್ಷದ 70 ಸಾವಿರಕ್ಕೂ ಹೆಚ್ಚು ಓದುಗರನ್ನು ಒಟ್ಟು ಸೇರಿಸಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ಮಾಹಿತಿ ತುಂಬಿದ ಬರಹವನ್ನು ಕಾಗದದ ಮೇಲೆ ಓದಿದವರ ಗ್ರಹಿಕೆ ಪರದೆಯ ಮೇಲೆ ಓದಿದವರಿಗಿಂತ ಮೇಲಿತ್ತು, ಸಮಯದ ಒತ್ತಡ ಇದ್ದಾಗ ಅಂತರ ಇನ್ನೂ ಜಾಸ್ತಿ. ಕಥೆಗೆ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅಂತರ ದೊಡ್ಡದೇನಲ್ಲ, ಆದರೆ ಪಾಠ ಓದೋ ಮಕ್ಕಳ ಮಟ್ಟಿಗೆ ಅದು ಲೆಕ್ಕಕ್ಕೆ ಬರುತ್ತೆ.

ಎಲ್ಲರಿಗೂ ಪುಸ್ತಕ ಕೊಳ್ಳೋ ಶಕ್ತಿ ಇರಲ್ಲ ಅನ್ನೋದು ಗೊತ್ತು. ಕಷ್ಟದ ಪಾಠಗಳನ್ನಾದರೂ ಜೆರಾಕ್ಸ್ ಮಾಡಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ ನೋಡಿ, ಹಿಂದಿನ ವರ್ಷದವರ ಹತ್ತಿರ ಕೇಳಿ. ಫೋನಿನಲ್ಲೇ ಓದಬೇಕಾಗಿ ಬಂದರೆ ಪಕ್ಕದಲ್ಲಿ ಹಾಳೆ, ಪೆನ್ನು ಇರಲೇಬೇಕು, ಪ್ರತಿ ಉಪಶೀರ್ಷಿಕೆಗೂ ಫೋನ್ ಕವುಚಿಟ್ಟು ಬರೀಬೇಕು. ಆಷಾಢದಲ್ಲಿ ಎರಡು ದಿನ ಕರೆಂಟ್ ಹೋದರೆ ಫೋನಿನ ಜೊತೆ ಪಾಠವೂ ಹೋಯ್ತು, ಅದನ್ನು ನಿಮಗೆ ಹೇಳಬೇಕಾಗಿಲ್ಲ.

ತುಂಗಾತೀರದವಳು, ತೀರ್ಥಹಳ್ಳಿ

ಎಲ್ಲರಿಗೂ ಕೈ ಮುಗಿದು ನಮಸ್ಕಾರ. ಇಷ್ಟು ಜನ ಇಷ್ಟು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ. ಮಗಳಿಗೆ ಫೋನಿನಲ್ಲಿ ಎಲ್ಲಾ ಓದಿ ಹೇಳಿದೆ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕ ಬಸ್ಸಿನವರ ಕೈಲಿ ಕೊಟ್ಟು ಕಳಿಸಿದೆ. ಮೊದಲು ಒಪ್ಪಲಿಲ್ಲ, ಹಾಸ್ಟೆಲ್‌ನಲ್ಲಿ ಕನ್ನಡ ಪುಸ್ತಕ ತೆರೆಯೋಕೆ ನಾಚಿಕೆಯಂತೆ. ನಿನ್ನೆ ರಾತ್ರಿ ಫೋನ್ ಮಾಡಿ, ಹೃದಯದ ಪಾಠವನ್ನು ಪುಸ್ತಕ ಇಲ್ಲದೆ ನನಗೆ ಕನ್ನಡದಲ್ಲಿ ಹೇಳಿದಳು. ನನಗೇ ಅರ್ಥ ಆಯ್ತು! ನಡುವೆ ಎರಡು ಕಡೆ ನಿಂತಳು, 'ಇರು ಅಮ್ಮಾ, ಇದನ್ನು ನೋಡಿ ನಾಳೆ ಹೇಳ್ತೀನಿ' ಅಂದಳು.

ಭೌತಶಾಸ್ತ್ರದ್ದು ಮಾತ್ರ ಹಾಗೇ ಉಳಿದಿದೆ. ಅಲ್ಲಿ ಓದೋಕೆ ಕಥೆಯೇ ಇಲ್ಲ, ಲೆಕ್ಕಗಳೇ. ಪುಸ್ತಕದಲ್ಲಿ ಬಿಡಿಸಿದ ಲೆಕ್ಕ ನೋಡಿದರೆ ಅರ್ಥ ಆಗುತ್ತೆ, ತಾನಾಗಿ ಮಾಡೋಕೆ ಹೋದರೆ ಮೊದಲ ಸಾಲೇ ಹೊಳೆಯಲ್ಲ ಅಂತಾಳೆ.

ಪಿಯು ಉಪನ್ಯಾಸಕಿ, ಶಿವಮೊಗ್ಗ

ನಾಚಿಕೆ ಪಡೋ ಅಗತ್ಯ ಖಂಡಿತ ಇಲ್ಲ ಅಂತ ನನ್ನ ಹೆಸರಲ್ಲಿ ಹೇಳಿ. ತಿಳಿದ ಭಾಷೆಯಲ್ಲಿ ಮೊದಲು ತಿಳಿದುಕೊಳ್ಳೋದು ಜಾಣರ ಕೆಲಸ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾದ್ದರಿಂದ ಒಂದು ಎಚ್ಚರಿಕೆ: ಕನ್ನಡದಲ್ಲಿ ಹೇಳೋಕೆ ಬಂದ ಮೇಲೆ, ಅದೇ ವಿಷಯವನ್ನು ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ನಾಲ್ಕು ಚಿಕ್ಕ ವಾಕ್ಯ ಬರೆಯಲಿ. ದೊಡ್ಡ ವಾಕ್ಯ ಬೇಡ.

ಭೌತಶಾಸ್ತ್ರ ನನ್ನ ವಿಷಯ ಅಲ್ಲ, ಆದರೆ ಬಿಡಿಸಿದ ಲೆಕ್ಕ ಓದೋ ಬಗ್ಗೆ ನಮ್ಮ ಕಾಲೇಜಿನಲ್ಲಿ ಬಹಳ ಚರ್ಚೆ ಮಾಡಿದೀವಿ. ಮಿಶೆಲಿನ್ ಚೀ ಮತ್ತು ಸಂಗಡಿಗರು 1989ರಲ್ಲಿ ನ್ಯೂಟನ್ನನ ನಿಯಮಗಳ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಹೇಗೆ ಓದ್ತಾರೆ ಅಂತ ಕೂತು ಗಮನಿಸಿದರು. ಮುಂದೆ ಲೆಕ್ಕಗಳನ್ನು ಚೆನ್ನಾಗಿ ಮಾಡಿದವರು ಓದುವಾಗ ಪ್ರತಿ ಸಾಲಿಗೂ ನಿಂತು 'ಇದು ಎಲ್ಲಿಂದ ಬಂತು, ಯಾವ ನಿಯಮದಿಂದ' ಅಂತ ತಮಗೆ ತಾವೇ ವಿವರಿಸಿಕೊಳ್ತಿದ್ದರು. ಎಲ್ಲಿ ತಿಳಿದಿಲ್ಲ ಅನ್ನೋದನ್ನೂ ಗುರುತಿಸಿಕೊಳ್ತಿದ್ದರು. ಹಿಂದುಳಿದವರು ಸಾಲನ್ನು ಹಾಗೇ ಓದಿ, ಅರ್ಥ ಆಯ್ತು ಅಂದುಕೊಂಡು ಮುಂದೆ ಹೋಗ್ತಿದ್ದರು.

ಹೀಗೆ ಮಾಡಲಿ. ಲೆಕ್ಕದ ಪ್ರಶ್ನೆ ಮಾತ್ರ ಓದಿ, ಉತ್ತರದ ಮೇಲೆ ಹಾಳೆ ಮುಚ್ಚಲಿ. ಚಿತ್ರ ಬರೆಯಲಿ. ಇಳಿಜಾರಿನ ಮೇಲೆ ಒಂದು ಪೆಟ್ಟಿಗೆ ಇದೆ ಅಂದುಕೊಳ್ಳಿ, ಅದರ ಮೇಲೆ ಯಾವ್ಯಾವ ಬಲ, ಯಾವ ಕಡೆಗೆ, ಬಾಣ ಹಾಕಲಿ. ಆಮೇಲೆ ಹಾಳೆಯನ್ನು ಒಂದೇ ಸಾಲು ಕೆಳಗೆ ಜಾರಿಸಲಿ. ಎಂಜಿ ಸೈನ್ ಥೀಟಾ (ಪೆಟ್ಟಿಗೆಯನ್ನು ಇಳಿಜಾರಿನುದ್ದಕ್ಕೆ ಕೆಳಗೆ ಎಳೆಯೋ ತೂಕದ ಭಾಗ) ಅಂತ ಕಂಡರೆ ನಿಲ್ಲಲಿ. ಕಾಸ್ ಯಾಕಲ್ಲ, ಸೈನ್ ಯಾಕೆ? ತನ್ನ ಚಿತ್ರದಲ್ಲಿ ಆ ತ್ರಿಕೋನ ತೋರಿಸೋಕೆ ಬಂದರೆ ಮಾತ್ರ ಮುಂದಿನ ಸಾಲು. ಬರದಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮರುದಿನ ಉಪನ್ಯಾಸಕರನ್ನು ಕೇಳಲಿ. 'ಸರ್, ಈ ಲೆಕ್ಕ ಅರ್ಥ ಆಗಲಿಲ್ಲ' ಅಂತ ಕೇಳಿದರೆ ಅವರು ಇಡೀ ಲೆಕ್ಕ ಮತ್ತೆ ಬಿಡಿಸ್ತಾರೆ, ಮಗು ಮತ್ತೆ ನೋಡ್ತಾ ಕೂತಿರುತ್ತೆ. 'ಮೂರನೇ ಸಾಲಿನಲ್ಲಿ ಸೈನ್ ಯಾಕೆ ಬಂತು' ಅಂತ ಕೇಳಿದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತೆ.

ಹಳದಿ ಹೈಲೈಟರ್, ಶಂಕರಘಟ್ಟ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಷ್ಟು ಮಾಡಿದ ಮೇಲೆ ಅದೇ ಲೆಕ್ಕದಲ್ಲಿ ಒಂದು ಅಂಶ ಬದಲಾಯಿಸಿ ಮಾಡೋಕೆ ಹೇಳಿ. ಘರ್ಷಣೆ ಇದೆ ಅಂದರೆ ಏನಾಗುತ್ತೆ, ಪೆಟ್ಟಿಗೆಯನ್ನು ಮೇಲಕ್ಕೆ ಎಳೆದರೆ ಏನಾಗುತ್ತೆ. ಟೆಸ್ಟಿನಲ್ಲಿ ಬರೋದು ಹೆಚ್ಚಾಗಿ ಇಂಥವೇ. ಅಕ್ಕ, ತ್ರಿಕೋನಮಿತಿ ಮರೆತಿದ್ದರೆ ಹತ್ತನೇ ಕ್ಲಾಸಿನ ಕನ್ನಡ ಗಣಿತ ಪುಸ್ತಕವನ್ನೂ ಬಸ್ಸಿನವರ ಕೈಲಿ ಕಳಿಸಿ.